ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಯಲ್ಲಿ ಒಳಪರೀಕ್ಷೆ: ಹೋಗುವ ಮುನ್ನ, ಅಲ್ಲಿದ್ದಾಗ, ಆಮೇಲೆ

ಕೆಮ್ಮಿದರೆ ಮೂತ್ರ ಸೋರುವುದು, ಹೆರಿಗೆಯಾದ ಮೇಲೆ ಕೆಳಗೇನೋ ಜಾರಿದಂತೆ ಭಾರವಾಗುವುದು, ಸಂಭೋಗದಲ್ಲಿ ನೋವು, ಎಷ್ಟು ತಿಣುಕಿದರೂ ಮಲ ಪೂರ್ತಿ ಹೋಗದಿರುವುದು, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ಹಿಡಿತ ತಪ್ಪುವುದು. ಇಂಥ ಯಾವುದೋ ತೊಂದರೆಗೆ ಪೆಲ್ವಿಕ್ ಫ್ಲೋರ್ (ಸೊಂಟದ ತಳದ ಸ್ನಾಯುಗಳ) ಫಿಸಿಯೋಥೆರಪಿಸ್ಟರನ್ನು ನೋಡಿ ಎಂದು ವೈದ್ಯರು ಹೇಳಿದ್ದರೆ, ಅಲ್ಲಿ ಯೋನಿಯ ಮೂಲಕವೋ ಗುದದ್ವಾರದ ಮೂಲಕವೋ ಒಳಪರೀಕ್ಷೆ ಮಾಡುವ ಸಾಧ್ಯತೆ ಇದೆ. ಬಹಳ ಜನ ಹಿಂಜರಿಯುವುದು ಇಲ್ಲೇ. ವರ್ಷಗಟ್ಟಲೆ ಸೋರಿಕೆಯನ್ನೂ ನೋವನ್ನೂ ಸಹಿಸಿಕೊಂಡವರು ಈ ಕೆಲವು ನಿಮಿಷಗಳಿಗೆ ಹೆದರಿ ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಆ ಕೋಣೆಯಲ್ಲಿ ಏನೇನು ನಡೆಯುತ್ತದೆ ಎಂದು ಯಾರೂ ಮೊದಲೇ ಬಿಡಿಸಿ ಹೇಳದಿರುವುದೇ ಈ ಹೆದರಿಕೆಗೆ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಅದಕ್ಕೇ ಇಲ್ಲಿ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಮೊದಲು ಮುಖ್ಯವಾದ ಮೂರು ಮಾತು. ಒಳಪರೀಕ್ಷೆ ಎಂದರೆ ಸಾಮಾನ್ಯವಾಗಿ ಗ್ಲೌಸ್ ಹಾಕಿ, ಜೆಲ್ ಹಚ್ಚಿದ ಒಂದೇ ಬೆರಳಿನಿಂದ ಸ್ನಾಯುಗಳನ್ನು ಮುಟ್ಟಿ ನೋಡುವುದು. ಸ್ತ್ರೀರೋಗ ತಜ್ಞರು ಬಳಸುವ ಸ್ಪೆಕ್ಯುಲಮ್ ಎಂಬ ಲೋಹದ ಅಥವಾ ಪ್ಲಾಸ್ಟಿಕ್ ಸಾಧನ ಇಲ್ಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಕಾಲುಗಳನ್ನು ಮೇಲೆತ್ತಿ ಸಿಕ್ಕಿಸುವ ಕಂಬಿಗಳೂ ಇರುವುದಿಲ್ಲ. ಮತ್ತು ಪರೀಕ್ಷೆ ಬೇಕೋ ಬೇಡವೋ, ಎಲ್ಲಿಯವರೆಗೆ, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನ ಪೂರ್ತಿ ನಿಮ್ಮದು.

ಹೊರಗಿನಿಂದ ನೋಡಿದರೆ ಸಾಲದೇ?

ಪೆಲ್ವಿಕ್ ಫ್ಲೋರ್ ಎಂಬುದು ಮುಂದೆ ಗುಹ್ಯಾಂಗದ ಮೇಲಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡ ಸ್ನಾಯುಗಳ ಗುಂಪು. ಮೂತ್ರಕೋಶ, ಗರ್ಭಕೋಶ, ಮಲಾಶಯ ಎಲ್ಲಕ್ಕೂ ಕೆಳಗಿನಿಂದ ಆಸರೆ ಇದೇ. ಇದರ ಬಹುಭಾಗ ದೇಹದ ಒಳಗೇ ಇರುವುದರಿಂದ ಅದರ ಶಕ್ತಿಯಾಗಲಿ, ಬಿಗಿತವಾಗಲಿ, ನೋವಿರುವ ಜಾಗವಾಗಲಿ ಹೊರಗಿನಿಂದ ಸರಿಯಾಗಿ ತಿಳಿಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಲಕ್ಷಣಕ್ಕೆ ಎರಡು ವಿರುದ್ಧ ಕಾರಣಗಳಿರಬಹುದು. ಸ್ನಾಯು ದುರ್ಬಲವಾಗಿದ್ದರೂ ಮೂತ್ರ ಸೋರಬಹುದು, ಸದಾ ಬಿಗಿದುಕೊಂಡೇ ಇದ್ದು ಬಳಲಿದ್ದರೂ ಸೋರಬಹುದು. ಮೊದಲನೆಯದಕ್ಕೆ ಬಲಪಡಿಸುವ ವ್ಯಾಯಾಮ ಬೇಕು. ಎರಡನೆಯದಕ್ಕೆ ಮೊದಲು ಸಡಿಲಗೊಳಿಸುವುದು ಬೇಕು. ಯಾರೋ ಹೇಳಿದರೆಂದು ಬಿಗಿದ ಸ್ನಾಯುವಿಗೆ ದಿನವೂ ಕೀಗಲ್ ವ್ಯಾಯಾಮ, ಅಂದರೆ ಈ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ ಮಾಡಿಸಿದರೆ ನೋವು ಹೆಚ್ಚುವ ಸಾಧ್ಯತೆಯೇ ಜಾಸ್ತಿ.

ಆ ವ್ಯಾಯಾಮಕ್ಕೆ ತಮ್ಮ ಹೆಸರು ಕೊಟ್ಟ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೀಗಲ್ 1948ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದಾಗಲೂ ಬರೀ ಬಾಯಿಮಾತಿನ ಸೂಚನೆ ಕೊಟ್ಟು ಕಳಿಸಿರಲಿಲ್ಲ. ಸರಿಯಾದ ಸ್ನಾಯು ಬಿಗಿಯುತ್ತಿದೆಯೇ ಎಂದು ಬೆರಳಿನಿಂದ ನೋಡುತ್ತಿದ್ದರು, ಒತ್ತಡ ಅಳೆಯುವ ಪೆರಿನಿಯೋಮೀಟರ್ ಎಂಬ ಸಾಧನವನ್ನೂ ಬಳಸುತ್ತಿದ್ದರು. ಅದು ಯಾಕೆ ಅಗತ್ಯ ಎಂದು 1991ರಲ್ಲಿ ಪ್ರಕಟವಾದ 47 ಮಹಿಳೆಯರ ಒಂದು ಅಧ್ಯಯನ ತೋರಿಸಿತು: ಚುಟುಕಾಗಿ ಬಾಯಲ್ಲಿ ಹೇಳಿಕೊಟ್ಟಾಗ ಸರಿಯಾಗಿ ಬಿಗಿದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಸುಮಾರು ಕಾಲು ಭಾಗದವರು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು, ಅಂದರೆ ಸೋರಿಕೆಯನ್ನು ಹೆಚ್ಚಿಸಬಹುದಾದ ಕೆಲಸವನ್ನೇ ವ್ಯಾಯಾಮವೆಂದು ಮಾಡುತ್ತಿದ್ದರು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಕೂಡ, ಮೇಲ್ವಿಚಾರಣೆಯ ವ್ಯಾಯಾಮ ಶುರುಮಾಡುವ ಮುನ್ನ ಸ್ನಾಯು ನಿಜವಾಗಿ ಬಿಗಿಯುತ್ತಿದೆಯೇ ಎಂದು ಬೆರಳಿನಿಂದ ಖಚಿತಪಡಿಸಿಕೊಳ್ಳಿ ಎನ್ನುತ್ತದೆ.

ಹಂತ 1: ಹೋಗುವ ಮುನ್ನ

ಸಮಯ ಗೊತ್ತುಮಾಡುವಾಗಲೇ ಕೇಳಬೇಕಾದದ್ದನ್ನು ಕೇಳಿಬಿಡಿ. ಪರೀಕ್ಷೆ ಮಾಡುವವರು ಮಹಿಳೆಯೋ ಪುರುಷರೋ, ಒಳಪರೀಕ್ಷೆಗೆ ಅವರು ವಿಶೇಷ ತರಬೇತಿ ಪಡೆದಿದ್ದಾರೆಯೇ, ಜೊತೆಗೆ ಒಬ್ಬರನ್ನು ಕರೆತರಬಹುದೇ. ಎಲ್ಲ ಫಿಸಿಯೋಥೆರಪಿಸ್ಟರೂ ಇದನ್ನು ಕಲಿತಿರುವುದಿಲ್ಲ. ಬೆನ್ನುನೋವಿಗೆ ಚೆನ್ನಾಗಿ ಚಿಕಿತ್ಸೆ ಕೊಡುವವರೆಲ್ಲ ಇದಕ್ಕೂ ಸೈ ಎಂದು ಅಂದುಕೊಳ್ಳಬೇಡಿ.

ದೇಹದ ತಯಾರಿ ಹೆಚ್ಚೇನೂ ಬೇಡ. ಎಂದಿನಂತೆ ಸ್ನಾನ ಮಾಡಿದರೆ ಸಾಕು. ಕೂದಲು ತೆಗೆಯಬೇಕಿಲ್ಲ. ಯೋನಿಯ ಒಳಗೆ ಸೋಪು ಅಥವಾ ಬೇರಾವುದೋ ದ್ರವ ಹಾಕಿ ತೊಳೆಯಲೇಬೇಡಿ, ಅದರಿಂದ ಉರಿ ಶುರುವಾಗಿ ಪರೀಕ್ಷೆ ಇನ್ನಷ್ಟು ಕಷ್ಟವಾಗುತ್ತದೆ. ಗುದದ್ವಾರದ ಪರೀಕ್ಷೆಗೂ ಎನಿಮಾ ಬೇಕಾಗುವುದಿಲ್ಲ. ಉಪವಾಸ ಇರಬೇಕಾಗಿಲ್ಲ. ಸಾಮಾನ್ಯವಾಗಿ ಮೂತ್ರ ವಿಸರ್ಜಿಸಿಯೇ ಮಲಗಿಸುತ್ತಾರೆ. ಅಲ್ಟ್ರಾಸೌಂಡ್ ಕೂಡ ಮಾಡುವವರಾದರೆ ಮೂತ್ರಕೋಶ ಸ್ವಲ್ಪ ತುಂಬಿರಲಿ ಎಂದು ಹೇಳಿರಬಹುದು, ಕೇಳಿಕೊಳ್ಳಿ.

ಮುಟ್ಟಾಗಿದ್ದರೆ? ಪರೀಕ್ಷೆಗೆ ಅದು ಅಡ್ಡಿಯಲ್ಲ. ಥೆರಪಿಸ್ಟರಿಗೆ ಇದು ದಿನನಿತ್ಯದ ಮಾತು. ಟ್ಯಾಂಪನ್ ಅಥವಾ ಮೆನ್‌ಸ್ಟ್ರುವಲ್ ಕಪ್ ಇದ್ದರೆ ತೆಗೆದಿರಬೇಕು, ಅಷ್ಟೇ. ನಿಮಗೇ ಇರುಸುಮುರುಸು ಅನಿಸಿದರೆ ದಿನ ಬದಲಾಯಿಸಿ ಎಂದು ಫೋನ್ ಮಾಡಿ.

ಸಾಧ್ಯವಾದರೆ ಮೂರು ದಿನದ ಮೂತ್ರದ ದಿನಚರಿ ಬರೆದುಕೊಂಡು ಹೋಗಿ: ಎಷ್ಟು ಹೊತ್ತಿಗೆ ಏನು, ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ, ಪ್ರತಿ ಸಲ ಎಷ್ಟು ಮಿಲಿಲೀಟರ್, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಅಳತೆಯ ಲೋಟವೊಂದನ್ನು ಇದಕ್ಕೆಂದೇ ಬಚ್ಚಲಲ್ಲಿ ಇಟ್ಟುಕೊಳ್ಳಿ. ನೆನಪಿನಿಂದ ಹೇಳುವುದಕ್ಕೂ ಬರೆದಿಟ್ಟಿದ್ದಕ್ಕೂ ಎಷ್ಟೋ ವ್ಯತ್ಯಾಸವಿರುತ್ತದೆ.

ಕೆಲವು ಸಂದರ್ಭಗಳಲ್ಲಿ ಒಳಪರೀಕ್ಷೆಯನ್ನು ಮುಂದೂಡಬೇಕು. ಹೆರಿಗೆಯಾಗಿ ಅಥವಾ ಆ ಭಾಗದ ಶಸ್ತ್ರಚಿಕಿತ್ಸೆಯಾಗಿ ಸುಮಾರು ಆರು ವಾರ ಕಳೆದಿರಬೇಕು, ಗಾಯ ಮಾಗಿರಬೇಕು. ಯೋನಿಯ ಸೋಂಕು, ಮೂತ್ರದ ಸೋಂಕು, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಗರ್ಭಿಣಿಯರಲ್ಲಿ ರಕ್ತಸ್ರಾವ, ಮಾಸು ಕೆಳಗಿರುವುದು, ನೀರು ಒಡೆದಿರುವುದು, ಅವಧಿಗೆ ಮುನ್ನ ಹೆರಿಗೆಯಾಗುವ ಭಯ, ಇವುಗಳಲ್ಲಿ ಯಾವುದಿದ್ದರೂ ಒಳಪರೀಕ್ಷೆ ಮಾಡುವುದಿಲ್ಲ. ಲೇಟೆಕ್ಸ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ಗ್ಲೌಸ್ ಬಳಸುತ್ತಾರೆ. ಕಾಪರ್ ಟಿ ಹಾಕಿಸಿಕೊಂಡಿದ್ದರೂ ತಿಳಿಸಿ. ಇಲ್ಲಿಯವರೆಗೆ ಸಂಭೋಗವನ್ನೇ ಮಾಡದವರು ಅದನ್ನೂ ಹೇಳಲಿ, ಆಗ ಹೊರಗಿನ ಪರೀಕ್ಷೆಯ ದಾರಿಗಳನ್ನು ಮೊದಲು ನೋಡಬಹುದು.

ಹಂತ 2: ಮಾತುಕತೆ

ಮೊದಲ ಭೇಟಿ ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ. ಅದರಲ್ಲಿ ಒಳಪರೀಕ್ಷೆಗೆ ಹೋಗುವುದು ಐದು-ಹತ್ತು ನಿಮಿಷ. ಉಳಿದದ್ದು ಬಹುಪಾಲು ಮಾತು, ಅದೂ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತು ಆಡುವ ಮಾತು.

ಪ್ರಶ್ನೆಗಳು ಖಾಸಗಿಯಾಗಿರುತ್ತವೆ. ರಾತ್ರಿ ಎಷ್ಟು ಸಲ ಏಳುತ್ತೀರಿ, ಪ್ಯಾಡ್ ಬಳಸುತ್ತೀರಾ, ಮಲ ಗಟ್ಟಿಯೋ ತೆಳುವೋ, ತಿಣುಕಬೇಕೇ, ಹೆರಿಗೆ ಎಷ್ಟು, ಹೊಲಿಗೆ ಬಿದ್ದಿತ್ತೇ, ಮಗುವಿನ ತಲೆ ಹಿಡಿದು ಎಳೆಯಬೇಕಾಯಿತೇ, ಸಂಭೋಗದಲ್ಲಿ ನೋವು ಯೋನಿಯ ಬಾಗಿಲಲ್ಲೋ ಆಳದಲ್ಲೋ. ಪುರುಷರಾದರೆ ಶಿಶ್ನದ ಗಡುಸುತನ, ಸ್ಖಲನದ ಹೊತ್ತಿನ ನೋವು. ಇವನ್ನು ಕುತೂಹಲಕ್ಕೆ ಕೇಳುವುದಲ್ಲ. ನೋವು ಬಾಗಿಲಲ್ಲಿದ್ದರೆ ಮೇಲ್ಪದರದ ಸ್ನಾಯು, ಆಳದಲ್ಲಿದ್ದರೆ ಒಳಪದರ ಅಥವಾ ಬೇರೆ ಅಂಗ ಎಂದು ಆಗಲೇ ಅಂದಾಜು ಶುರುವಾಗಿರುತ್ತದೆ. ಉತ್ತರಿಸಲು ಮನಸ್ಸಿಲ್ಲದ ಪ್ರಶ್ನೆಗೆ "ಇದನ್ನು ಈಗ ಹೇಳಲಾರೆ" ಎಂದರೆ ಯಾರೂ ಒತ್ತಾಯಿಸಬಾರದು.

ಹಿಂದೆ ಲೈಂಗಿಕ ದೌರ್ಜನ್ಯವೋ, ಕೆಟ್ಟ ಹೆರಿಗೆಯ ಅನುಭವವೋ, ನೋವು ಕೊಟ್ಟ ಇನ್ನಾವುದೋ ಪರೀಕ್ಷೆಯೋ ಆಗಿದ್ದವರಿಗೆ ಒಂದು ಮಾತು. ನೀವು ಏನಾಯಿತೆಂದು ವಿವರಿಸಬೇಕಿಲ್ಲ. "ಈ ಥರದ ಪರೀಕ್ಷೆ ನನಗೆ ತುಂಬ ಕಷ್ಟ" ಎಂಬ ಒಂದೇ ವಾಕ್ಯ ಸಾಕು. ಒಳ್ಳೆಯ ಥೆರಪಿಸ್ಟ್ ಅಲ್ಲಿಂದ ಮುಂದೆ ವೇಗವನ್ನೇ ಬದಲಿಸುತ್ತಾರೆ. ಮೊದಲ ಭೇಟಿಯಲ್ಲಿ ಒಳಪರೀಕ್ಷೆಯ ಸುದ್ದಿಯನ್ನೇ ಎತ್ತದೆ ಉಸಿರಾಟ, ಸಡಿಲಿಕೆಗಳಿಂದ ಶುರುಮಾಡಬಹುದು.

ಇದಾದ ಮೇಲೆ ನಿಲ್ಲುವ ಭಂಗಿ, ಸೊಂಟ, ತೊಡೆಸಂದು, ಹೊಟ್ಟೆಯ ಸ್ನಾಯು, ಸಿಸೇರಿಯನ್ ಗಾಯದ ಗುರುತು, ಉಸಿರಾಡುವ ರೀತಿ ನೋಡುತ್ತಾರೆ.

ಹಂತ 3: ಒಪ್ಪಿಗೆ

ಈ ಹಂತವನ್ನು ಕಾಗದಕ್ಕೊಂದು ಸಹಿ ಎಂದು ದಾಟಿಬಿಡಬೇಡಿ. ಒಳಪರೀಕ್ಷೆ ಯಾಕೆ ಬೇಕು, ಎಲ್ಲಿ ಮುಟ್ಟುತ್ತಾರೆ, ಎಷ್ಟು ಹೊತ್ತು, ನೋವಾಗಬಹುದೇ, ಬೇಡವೆಂದರೆ ಬೇರೆ ದಾರಿ ಯಾವುದು ಎಂಬುದನ್ನೆಲ್ಲ ನೀವಿನ್ನೂ ಬಟ್ಟೆ ತೊಟ್ಟಿರುವಾಗಲೇ ಅವರು ಹೇಳಬೇಕು. ಮಲಗಿದ ಮೇಲೆ, ಅರ್ಧ ಬಟ್ಟೆಯಲ್ಲಿ ಇರುವಾಗ ಕೇಳಿದರೆ ಯಾರಿಗಾದರೂ ಬೇಡ ಎನ್ನಲು ಬಾಯಿ ಬರುವುದು ಕಷ್ಟ. ಸೊಂಟದ ಭಾಗದ ಮಾದರಿಯನ್ನೋ ಚಿತ್ರವನ್ನೋ ತೋರಿಸಿ ವಿವರಿಸುವವರು ಸಿಕ್ಕರೆ ಒಳ್ಳೆಯದು. ತೋರಿಸದಿದ್ದರೆ ನೀವೇ ಕೇಳಿ.

ನಿಲ್ಲಿಸಲು ಒಂದು ಗುರುತು ಮೊದಲೇ ಗೊತ್ತುಮಾಡಿಕೊಳ್ಳಿ. "ಸಾಕು" ಎಂಬ ಮಾತು, ಅಥವಾ ಕೈ ಎತ್ತುವುದು. ಕೈ ಎತ್ತುವುದೇ ಮೇಲು ಎಂದು ನನಗನಿಸುತ್ತದೆ, ಗಾಬರಿಯಾದಾಗ ಗಂಟಲಿನಿಂದ ದನಿಯೇ ಹೊರಡದಿರಬಹುದು. ಇಲ್ಲಿ ಹೂಂ ಎಂದವರು ಕೋಣೆಯಲ್ಲಿ ಮಲಗಿದ ಮೇಲೂ, ಪರೀಕ್ಷೆ ಅರ್ಧ ಆದ ಮೇಲೂ ಬೇಡ ಎನ್ನಬಹುದು. ಕಾರಣ ಕೊಡಬೇಕಿಲ್ಲ. ಮೌನವನ್ನು ಒಪ್ಪಿಗೆ ಎಂದು ತಿಳಿಯುವಂತಿಲ್ಲ.

ಜೊತೆಗೆ ಯಾರಿರಬೇಕು ಎಂಬುದೂ ನಿಮ್ಮದೇ ಆಯ್ಕೆ. ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಇರಲಿ ಎಂದು ಕೇಳಬಹುದು, ನಿಮ್ಮ ಗೆಳತಿಯನ್ನೋ ಸಂಗಾತಿಯನ್ನೋ ಒಳಗೆ ಕರೆಯಬಹುದು. ಸಂಗಾತಿ ಹೊರಗೇ ಇರಲಿ ಎಂದು ಹೇಳುವ ಹಕ್ಕೂ ಇದೆ. ಕೆಲವು ಮಾತನ್ನು ಅವರೆದುರು ಆಡಲಾಗುವುದಿಲ್ಲ. ಅದನ್ನು ಥೆರಪಿಸ್ಟರ ಕಿವಿಗೆ ಹಾಕಿದರೆ ಅವರೇ ನಯವಾಗಿ ಹೊರಗೆ ಕೂರಿಸುತ್ತಾರೆ.

ಹಂತ 4: ಮಲಗುವುದು, ಹೊರಗಿನ ನೋಟ

ಥೆರಪಿಸ್ಟ್ ಹೊರಗೆ ಹೋಗುತ್ತಾರೆ ಅಥವಾ ಪರದೆ ಎಳೆಯುತ್ತಾರೆ. ಸೊಂಟದ ಕೆಳಗಿನ ಬಟ್ಟೆ ತೆಗೆದು, ಮಂಚದ ಮೇಲೆ ಅಂಗಾತ ಮಲಗಿ, ಕೊಟ್ಟ ಬೆಡ್‌ಶೀಟ್ ಹೊದ್ದುಕೊಳ್ಳುತ್ತೀರಿ. ಮೇಲಿನ ಬಟ್ಟೆ ಹಾಗೇ ಇರುತ್ತದೆ. ಮಂಡಿ ಮಡಚಿ, ಪಾದ ಮಂಚದ ಮೇಲೂರಿ, ಮಂಡಿಗಳನ್ನು ಅಕ್ಕಪಕ್ಕಕ್ಕೆ ಬಿಡುವುದು ಸಾಮಾನ್ಯ ಭಂಗಿ. ತೊಡೆ ನಡುಗುತ್ತಿದ್ದರೆ ಮಂಡಿಯ ಕೆಳಗೆ ದಿಂಬು ಕೊಡಿ ಎನ್ನಿ. ತೊಡೆ ಬಿಗಿದಿದ್ದರೆ ಒಳಗಿನ ಸ್ನಾಯುವೂ ಬಿಗಿಯುತ್ತದೆ, ಆದ್ದರಿಂದ ದಿಂಬು ಪರೀಕ್ಷೆಯ ಭಾಗವೇ ಆಗಿದೆ.

ಮೊದಲು ಬರೀ ಕಣ್ಣಿನಿಂದ ನೋಡುತ್ತಾರೆ. ಚರ್ಮ ಕೆಂಪಾಗಿದೆಯೇ, ಒಣಗಿದೆಯೇ, ಹೊಲಿಗೆಯ ಗುರುತು ಹೇಗೆ ಮಾಗಿದೆ. ನಂತರ ಬಿಗಿಯಿರಿ, ಬಿಡಿ, ಕೆಮ್ಮಿ, ಮೆಲ್ಲಗೆ ಮುಕ್ಕಿರಿ ಎನ್ನುತ್ತಾರೆ. ಬಿಗಿದಾಗ ಯೋನಿ ಮತ್ತು ಗುದದ್ವಾರದ ನಡುವಿನ ಜಾಗ ಒಳಮೇಲಕ್ಕೆ ಹೋಗಬೇಕು, ಮುಕ್ಕಿದಾಗ ಕೆಳಕ್ಕೆ ಬರಬೇಕು. ಕೆಮ್ಮಿದಾಗ ಮೂತ್ರ ಚಿಮ್ಮಿದರೆ ನಾಚಿಕೆಪಡಬೇಡಿ. ಅದನ್ನು ಕಣ್ಣಾರೆ ಕಂಡರೆ ಅವರಿಗೆ ಉಪಯೋಗವೇ. ಯೋನಿಯ ಬಾಗಿಲಲ್ಲಿ ಉರಿ, ನೋವು ಇರುವವರಿಗೆ ಹತ್ತಿಯ ಕಡ್ಡಿಯಿಂದ ಒಂದೊಂದೇ ಜಾಗ ಹಗುರಾಗಿ ಮುಟ್ಟಿ ಯಾವುದು ನೋಯುತ್ತದೆ ಎಂದು ಕೇಳುತ್ತಾರೆ.

ಹಂತ 5: ಒಳಗೆ

"ಈಗ ಮುಟ್ಟುತ್ತಿದ್ದೇನೆ" ಎಂದು ಹೇಳಿಯೇ ಮುಟ್ಟಬೇಕು. ಸಾಮಾನ್ಯವಾಗಿ ಮೊದಲು ತೊಡೆಯ ಮೇಲೆ ಕೈ ಇಟ್ಟು, ನಂತರ ಹೊರಭಾಗ, ಆಮೇಲೆ ಬಾಗಿಲಲ್ಲಿ ಬೆರಳಿಟ್ಟು ಕಾಯುತ್ತಾರೆ. ಈ ಕಾಯುವಿಕೆ ಮುಖ್ಯ. ದೇಹ ಮೊದಲು ಬಿಗಿಯುತ್ತದೆ, ಎರಡು-ಮೂರು ನಿಧಾನ ಉಸಿರಿನ ನಂತರ ಬಿಡುತ್ತದೆ. ಹೊಟ್ಟೆ ಉಬ್ಬುವಂತೆ ಉಸಿರು ಎಳೆದುಕೊಂಡಾಗ ಪೆಲ್ವಿಕ್ ಫ್ಲೋರ್ ಸಹಜವಾಗಿ ಸಡಿಲವಾಗುತ್ತದೆ, ಆದ್ದರಿಂದ ಬೇಗ ಮುಗಿಯಲಿ ಎಂದು ಉಸಿರು ಬಿಗಿಹಿಡಿಯಬೇಡಿ. ದವಡೆ, ಭುಜ, ಮುಷ್ಟಿ ಸಡಿಲ ಬಿಟ್ಟರೆ ಕೆಳಗೂ ಸಡಿಲವಾಗುವುದನ್ನು ನೀವೇ ಗಮನಿಸಬಹುದು.

ಬೆರಳಿನ ಮೊದಲ ಗೆಣ್ಣಿನಷ್ಟು ಒಳಗೆ ಮೇಲ್ಪದರದ ಸ್ನಾಯುಗಳಿವೆ. ಎರಡನೆಯ ಗೆಣ್ಣಿನ ಹತ್ತಿರ ಲಿವೇಟರ್ ಏನೈ ಎಂಬ ಮುಖ್ಯ ಆಳದ ಸ್ನಾಯು ಸಿಗುತ್ತದೆ. ಥೆರಪಿಸ್ಟರು ಇಲ್ಲಿ ಗಡಿಯಾರದ ಮುಖವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ: ಮುಂದಿನ ಮೂಳೆಯ ಕಡೆ 12 ಗಂಟೆ, ಗುದದ್ವಾರದ ಕಡೆ 6 ಗಂಟೆ. "4 ಗಂಟೆಯಲ್ಲಿ ಒತ್ತುತ್ತೇನೆ, ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು?" ಎಂದು ಕೇಳುತ್ತಾರೆ. ಒತ್ತಿದ್ದು ಮಾತ್ರ ತಿಳಿಯಿತೋ, ನೋವಾಯಿತೋ, ಉರಿಯಿತೋ ಎಂದು ಬೇರೆ ಬೇರೆಯಾಗಿ ಹೇಳಿ. ಅದಕ್ಕಿಂತ ಮುಖ್ಯವಾದದ್ದು: "ನನ್ನ ಎಂದಿನ ನೋವು ಇದೇ!" ಎಂದು ಅನಿಸಿದರೆ ತಕ್ಷಣ ಹೇಳಿ. ಕೆಳಹೊಟ್ಟೆಗೋ ಬಾಲದ ಮೂಳೆಗೋ ಹರಡುವ ನೋವಿನ ಮೂಲ ಹೀಗೆ ಬೆರಳ ತುದಿಗೆ ಸಿಕ್ಕಿಬಿಡುವುದುಂಟು. ಮುಂಭಾಗ ಒತ್ತಿದಾಗ ಮೂತ್ರ ಬಂದಂತಾದರೆ ಗಾಬರಿ ಬೇಡ, ಅಲ್ಲಿ ಮೂತ್ರನಾಳ, ಮೂತ್ರಕೋಶ ಇವೆ. ಪಕ್ಕಕ್ಕೆ ಬೆರಳಿಟ್ಟು, ಮಂಡಿಯನ್ನು ತಮ್ಮ ಇನ್ನೊಂದು ಕೈಗೆ ಎದುರಾಗಿ ಹೊರಕ್ಕೆ ದೂಡಿ ಎಂದರೆ, ಸೊಂಟದ ಕೀಲಿಗೆ ಸೇರಿದ ಆಬ್ಟುರೇಟರ್ ಇಂಟರ್ನಸ್ ಎಂಬ ಸ್ನಾಯುವನ್ನು ನೋಡುತ್ತಿದ್ದಾರೆ ಎಂದರ್ಥ.

ಮುಂದಿನದು ಶಕ್ತಿಯ ಪರೀಕ್ಷೆ. ಗಾಳಿ ಹೋಗದಂತೆ ತಡೆದ ಹಾಗೆ ಬಿಗಿದು, ಅದನ್ನೇ ಮುಂದಕ್ಕೂ ಮೇಲಕ್ಕೂ ಎಳೆದುಕೊಳ್ಳಿ ಎಂದು ಹೇಳಿಕೊಡುತ್ತಾರೆ. ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಬೆರಳಿನ ಸುತ್ತ ಸಿಗುವ ಹಿಡಿತಕ್ಕೆ 0ಯಿಂದ 5ರವರೆಗೆ ಅಂಕ ಕೊಡುವುದು ಮಾರ್ಪಡಿಸಿದ ಆಕ್ಸ್‌ಫರ್ಡ್ ಮಾನ. 0 ಎಂದರೆ ಏನೂ ಅಲುಗಲಿಲ್ಲ, 1 ಎಂದರೆ ಸಣ್ಣ ಮಿಡಿತ, 3 ಎಂದರೆ ಹಿಡಿತದ ಜೊತೆ ಮೇಲಕ್ಕೆ ಎಳೆತ, 5 ಎಂದರೆ ಬಲವಾದ ಹಿಡಿತ. ಎಷ್ಟು ಸೆಕೆಂಡ್ ಹಿಡಿಯಬಲ್ಲಿರಿ ಎಂದು 10 ಸೆಕೆಂಡ್‌ವರೆಗೆ ಎಣಿಸುತ್ತಾರೆ, ಹಾಗೆ ಎಷ್ಟು ಸಲ ಎಂದು 10ರವರೆಗೆ, ನಂತರ ಚಕಚಕನೆ ಬಿಗಿದು ಬಿಡುವುದು ಎಷ್ಟು ಸಲ. ಮನೆಯಲ್ಲಿ ಮಾಡುವ ವ್ಯಾಯಾಮದ ಲೆಕ್ಕ ಇದರಿಂದಲೇ ಹುಟ್ಟುತ್ತದೆ. 4 ಸೆಕೆಂಡ್ ಹಿಡಿಯಬಲ್ಲವರಿಗೆ 10 ಸೆಕೆಂಡ್ ಹಿಡಿಯಿರಿ ಎಂದರೆ ಹೊಟ್ಟೆ, ಪೃಷ್ಠಗಳಿಂದ ಮೋಸದ ಕೆಲಸ ಶುರುವಾಗುತ್ತದೆ.

ಅಂಕ ಕಡಿಮೆ ಬಂದರೆ ಬೇಸರಪಡಬೇಡಿ. ಬಿಗಿದ ಸ್ನಾಯು ಪೂರ್ತಿ ಬಿಡುತ್ತದೆಯೇ, ಎಷ್ಟು ಬೇಗ ಬಿಡುತ್ತದೆ ಎಂಬುದು ಅಂಕದಷ್ಟೇ ಮುಖ್ಯ. ಎಷ್ಟೋ ಜನರಿಗೆ ಬಿಗಿಯುವುದು ಬರುತ್ತದೆ, ಬಿಡುವುದು ಬರುವುದಿಲ್ಲ.

ಗರ್ಭಕೋಶ ಅಥವಾ ಮೂತ್ರಕೋಶ ಜಾರಿರುವ ಅನುಮಾನವಿದ್ದರೆ ಮುಕ್ಕಲು ಹೇಳಿ ಯಾವ ಗೋಡೆ ಎಷ್ಟು ಕೆಳಗೆ ಬರುತ್ತದೆ ಎಂದು ನೋಡಿ 0ಯಿಂದ 4ರವರೆಗೆ ಹಂತ ಗುರುತಿಸುತ್ತಾರೆ. ಮಲಗಿದಾಗ ಮರೆಯಾಗುವ ಜಾರಿಕೆ ನಿಂತಾಗ ಕಾಣಿಸಬಹುದಾದ್ದರಿಂದ ನಿಲ್ಲಿಸಿಯೂ ನೋಡುವುದುಂಟು.

ಬೆರಳು ಒಳಹೋಗುವುದೇ ಅಸಾಧ್ಯ ಎನ್ನುವಷ್ಟು ಬಿಗಿತ ಇರುವವರಿಗೆ, ಅಂದರೆ ವೆಜಿನಿಸ್ಮಸ್ ಇರುವವರಿಗೆ, ಈ ಹಂತವೇ ಚಿಕಿತ್ಸೆ. ಮೊದಲ ದಿನ ಬಾಗಿಲಲ್ಲಿ ಮುಟ್ಟಿ ನಿಲ್ಲಿಸಬಹುದು. ಕನ್ನಡಿ ಹಿಡಿದು ನೀವೇ ನೋಡಬಹುದು. ಥೆರಪಿಸ್ಟರ ಕೈಯನ್ನು ನೀವೇ ಹಿಡಿದು ಎಲ್ಲಿಯವರೆಗೆ ಎಂದು ನಡೆಸಬಹುದು, ಅಥವಾ ಮೊದಲು ನಿಮ್ಮ ಬೆರಳನ್ನೇ ಬಳಸಬಹುದು. ನೋವು ಸಹಿಸಿಕೊಂಡು ಮುಗಿಸಿದರೆ ಆ ಸ್ನಾಯು ಮುಂದಿನ ಸಲಕ್ಕೆ ಇನ್ನಷ್ಟು ಬಿಗಿಯುವುದನ್ನು ಕಲಿಯುತ್ತದೆ. ಇಲ್ಲಿ ಸಹನೆಗೆ ಬೆಲೆಯಿಲ್ಲ, ಹಲ್ಲು ಕಚ್ಚಬೇಡಿ.

ಗುದದ್ವಾರದ ಮೂಲಕ

ಪುರುಷರಲ್ಲಿ ಒಳಪರೀಕ್ಷೆಗೆ ಇರುವುದು ಇದೊಂದೇ ದಾರಿ. ಮಲಬದ್ಧತೆ, ಮಲದ ಸೋರಿಕೆ, ಬಾಲದ ಮೂಳೆಯ ನೋವು, ಹೆರಿಗೆಯಲ್ಲಿ ಗುದದ ಸ್ನಾಯು ಹರಿದಿದ್ದರೆ ಮಹಿಳೆಯರಿಗೂ ಬೇಕಾಗಬಹುದು. ಇದಕ್ಕೆ ಪ್ರತ್ಯೇಕ ಒಪ್ಪಿಗೆ ಪಡೆಯಬೇಕು, ಯೋನಿಯ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಇಲ್ಲಿಗೆ ಅನ್ವಯಿಸುವುದಿಲ್ಲ. ಗ್ಲೌಸ್ ಕೂಡ ಬದಲಾಗಬೇಕು.

ಸಾಮಾನ್ಯವಾಗಿ ಎಡಮಗ್ಗುಲಿಗೆ ಮಲಗಿ ಮಂಡಿ ಎದೆಯತ್ತ ಎಳೆದುಕೊಳ್ಳುತ್ತೀರಿ. ಬೆರಳು ಒಳಬರುವಾಗ ಮೆಲ್ಲಗೆ ಮುಕ್ಕಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಮಲ ಬಂದೇಬಿಟ್ಟಿತು ಅನಿಸುತ್ತದೆ, ಸಾಮಾನ್ಯವಾಗಿ ಬರುವುದಿಲ್ಲ. ಮಲವಿಸರ್ಜನೆಗೆ ಮುಕ್ಕಿದಂತೆ ಮುಕ್ಕಿ ಎಂದಾಗ ಸ್ನಾಯು ಬಿಡುವ ಬದಲು ಬಿಗಿದರೆ, ವರ್ಷಗಳ ಮಲಬದ್ಧತೆಗೆ ಕಾರಣ ಅಲ್ಲೇ ಇರಬಹುದು. ಅದನ್ನು ತರಬೇತಿಯಿಂದ ಸರಿಪಡಿಸಬಹುದು. ಬಾಲದ ಮೂಳೆಯನ್ನು ಒಳಗಿನ ಬೆರಳು, ಹೊರಗಿನ ಹೆಬ್ಬೆರಳ ನಡುವೆ ಹಿಡಿದು ಅದರ ಚಲನೆಯನ್ನೂ ನೋಡುತ್ತಾರೆ. ಪರೀಕ್ಷೆಯ ನಡುವೆ ಶಿಶ್ನ ತಾನಾಗಿ ಗಡುಸಾದರೆ ಅದು ನರಗಳ ಪ್ರತಿಕ್ರಿಯೆ, ಥೆರಪಿಸ್ಟರಿಗೆ ಅದು ಗೊತ್ತಿರುತ್ತದೆ.

ಹಂತ 6: ಮುಗಿದ ಮೇಲೆ

ಒರೆಸಿಕೊಳ್ಳಲು ಟಿಶ್ಯೂ ಕೊಟ್ಟು ಬಟ್ಟೆ ಹಾಕಿಕೊಳ್ಳಲು ಬಿಡುತ್ತಾರೆ. ಫಲಿತಾಂಶದ ಮಾತು ನೀವು ಎದ್ದು ಕೂತ ಮೇಲೆಯೇ ಆಗಲಿ. ಮೂರು ವಿಷಯ ಕೇಳಿಕೊಂಡು ಬನ್ನಿ: ಸ್ನಾಯು ದುರ್ಬಲವೋ, ಬಿಗಿಯೋ, ಎರಡೂ ಸೇರಿದೆಯೋ. ನಾನು ಬಿಗಿದದ್ದು ಸರಿಯಿತ್ತೇ. ಮನೆಯಲ್ಲಿ ಎಷ್ಟು ಸೆಕೆಂಡ್, ಎಷ್ಟು ಸಲ, ದಿನಕ್ಕೆ ಎಷ್ಟು ಬಾರಿ.

ಅಂದು ಸ್ವಲ್ಪ ನೋವು, ಹೊಸ ವ್ಯಾಯಾಮ ಮಾಡಿದ ಮೇಲಿನ ಸುಸ್ತಿನಂಥದ್ದು ಇರಬಹುದು. ಒಂದೆರಡು ಹನಿ ರಕ್ತವೂ ಕಾಣಿಸಬಹುದು. ಜೆಲ್ ಇಳಿಯುವುದರಿಂದ ಒಂದು ತೆಳು ಪ್ಯಾಡ್ ಜೊತೆಗಿರಲಿ. ಹೋಗಿ ಮೂತ್ರ ಮಾಡಿ, ಬಿಸಿನೀರಿನ ಸ್ನಾನ ಮಾಡಿ. ಅಳು ಬಂದರೂ ಅದು ವಿಚಿತ್ರವಲ್ಲ. ಆದರೆ ರಕ್ತ ಹೆಚ್ಚು ಹೋಗುತ್ತಿದ್ದರೆ, ಜ್ವರ, ವಾಸನೆಯ ಸ್ರಾವ, ಮೂತ್ರದಲ್ಲಿ ಉರಿ ಬಂದರೆ, ಎರಡು ದಿನವಾದರೂ ನೋವು ಇಳಿಯದೆ ಏರುತ್ತಿದ್ದರೆ ವೈದ್ಯರನ್ನು ಕಾಣಿ.

ಬೇಡವೆಂದರೆ

ಚಿಕಿತ್ಸೆ ನಿಲ್ಲುವುದಿಲ್ಲ. ಹೊಟ್ಟೆಯ ಮೇಲೆ ಅಥವಾ ಯೋನಿ-ಗುದದ ನಡುವೆ ಹೊರಗಿನಿಂದ ಅಲ್ಟ್ರಾಸೌಂಡ್ ಇಟ್ಟು ಸ್ನಾಯುವಿನ ಚಲನೆಯನ್ನು ಪರದೆಯ ಮೇಲೆ ನೋಡಬಹುದು. ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಹಿಡಿಯುವ, ಚರ್ಮಕ್ಕೆ ಅಂಟಿಸುವ ಇಎಂಜಿ ಪಟ್ಟಿಗಳಿಂದ ಬಿಗಿತ-ಸಡಿಲಿಕೆಯ ಅಲೆ ಕಾಣಿಸುತ್ತದೆ. ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಬಹುದು. ಇವು ಬೆರಳಿನಷ್ಟು ವಿವರ ಕೊಡುವುದಿಲ್ಲ, ನೋವಿನ ನಿಖರ ಜಾಗವನ್ನಂತೂ ಹೇಳಲಾರವು. ಆದರೂ ಶುರುಮಾಡಲು ಸಾಕಷ್ಟಾಯಿತು. ಕೆಲವು ಭೇಟಿಗಳ ನಂತರ ನಂಬಿಕೆ ಬಂದು ನಿಮಗೇ ಪರೀಕ್ಷೆ ಬೇಕೆನಿಸಿದರೆ ಆಗ ಮಾಡಿಸಿಕೊಳ್ಳಬಹುದು.

ಮತ್ತು ಇವನ್ನು ಒಪ್ಪಬೇಡಿ: ವಿವರಿಸದೆ ಮುಟ್ಟುವುದು, ಗ್ಲೌಸ್ ಇಲ್ಲದಿರುವುದು, ಹೊದಿಕೆ ಕೊಡದಿರುವುದು, ಜೊತೆಗೊಬ್ಬರು ಇರಲಿ ಎಂದರೆ ನಿರಾಕರಿಸುವುದು, ದೇಹದ ಬಗ್ಗೆ ಅನಗತ್ಯ ಮಾತು, ಸಾಕು ಎಂದ ಮೇಲೂ ಮುಂದುವರಿಸುವುದು. ಹೀಗಾದರೆ ಎದ್ದು ಹೊರಬನ್ನಿ. ನಡೆದದ್ದನ್ನು ದಿನಾಂಕ, ಸಮಯದ ಸಮೇತ ಬರೆದಿಟ್ಟು, ಆ ಸಂಸ್ಥೆಯ ಮೇಲಿನವರಿಗೂ ಫಿಸಿಯೋಥೆರಪಿಸ್ಟರನ್ನು ನೋಂದಾಯಿಸುವ ಮಂಡಳಿಗೂ ದೂರು ಕೊಡಿ. ನಂಬಿಕಸ್ಥರೊಬ್ಬರಿಗೆ ಅಂದೇ ಹೇಳಿ.

ಮುಂದಿನ ಭೇಟಿಗಳಲ್ಲಿ

ಪ್ರತಿ ಸಲವೂ ಒಳಪರೀಕ್ಷೆ ಇರುವುದಿಲ್ಲ. ಸೋರಿಕೆಗೆ ನೈಸ್ ಸೂಚಿಸುವುದು ಕನಿಷ್ಠ ಮೂರು ತಿಂಗಳ ವ್ಯಾಯಾಮ, ದಿನಕ್ಕೆ ಮೂರು ಬಾರಿ, ಪ್ರತಿ ಬಾರಿಯೂ ಕನಿಷ್ಠ 8 ಸಲ ಬಿಗಿಯುವುದು. ಆ ಅವಧಿಯ ಕೊನೆಗೆ ಮತ್ತೊಮ್ಮೆ ಅಳೆದು ಮೊದಲ ದಿನದ ಅಂಕಗಳ ಪಕ್ಕಕ್ಕಿಟ್ಟು ನೋಡುತ್ತಾರೆ. ಬಿಗಿತ, ನೋವು ಇರುವವರಲ್ಲಿ ಒಳಗಿನಿಂದಲೇ ಸ್ನಾಯು ಸಡಿಲಿಸುವ ಚಿಕಿತ್ಸೆ ಇದ್ದರೆ ಪರೀಕ್ಷೆ ಹೆಚ್ಚು ಸಲ ಆಗಬಹುದು. ಆಗಲೂ ಪ್ರತಿ ಭೇಟಿಯಲ್ಲಿ ಒಪ್ಪಿಗೆಯನ್ನು ಹೊಸದಾಗಿಯೇ ಕೇಳಬೇಕು, ಕಳೆದ ವಾರದ ಹೂಂ ಈ ವಾರಕ್ಕೆ ನಡೆಯುವುದಿಲ್ಲ.